ಒಂದೇ ಮುಖ ಸಾಣೆ ಹಿಡಿದರೆ ಸಾಕು: ಚಿಕ್ಕ ಲೇತ್‌ನಲ್ಲಿ ಟ್ಯಾಂಜೆನ್ಶಿಯಲ್ ಟೂಲ್ ಹೋಲ್ಡರ್

ಚಿಕ್ಕ ಲೇತ್‌ನಲ್ಲಿ (ಲೋಹದ ತುಂಡನ್ನು ತಿರುಗಿಸುತ್ತ ಟೂಲಿನಿಂದ ಕಡಿಯುವ ಯಂತ್ರ) ಕೆಲಸ ಮಾಡುವವರು ಸಾಮಾನ್ಯವಾಗಿ ಹೇಳುವ ದೂರು ಒಂದೇ. ಫಿನಿಶ್ ಬರಲ್ಲ, ಟೂಲ್ ನಡುಗುತ್ತೆ, ಸ್ವಲ್ಪ ಆಳ ಕೊಟ್ಟರೆ ಮೋಟರ್ ನಿಂತೇ ಹೋಗುತ್ತೆ. ತಪ್ಪೆಲ್ಲ ಯಂತ್ರದ ತಲೆಗೆ ಕಟ್ಟಿಬಿಡುತ್ತೇವೆ. ಎಷ್ಟೋ ಸಲ ನಿಜವಾದ ಕಾರಣ ಮೊಂಡಾದ ಟೂಲ್. ದೊಡ್ಡ ಲೇತ್‌ಗೆ ತೂಕ ಇದೆ, ಕುದುರೆಶಕ್ತಿ ಇದೆ, ಮೊಂಡು ಟೂಲನ್ನೂ ಅದು ತಳ್ಳಿಕೊಂಡು ಹೋಗುತ್ತದೆ. ಚಿಕ್ಕದಕ್ಕೆ ಆ ಸೌಲಭ್ಯ ಇಲ್ಲ. ಅದಕ್ಕೆ ಹರಿತವೇ ಆಧಾರ.

ಹಾಗಾದರೆ ನಾವು ಟೂಲ್ ಸಾಣೆ ಹಿಡಿಯುವುದನ್ನು ಯಾಕೆ ಮುಂದೂಡುತ್ತೇವೆ? ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಬಿಟ್‌ಗೆ (ಲೋಹ ಕಡಿಯುವ ಗಟ್ಟಿ ಉಕ್ಕಿನ ಕಡ್ಡಿ) ಮುಂದಿನ ಮುಖ, ಪಕ್ಕದ ಮುಖ, ಮೇಲಿನ ಮುಖ ಅಂತ ಮೂರು ಕಡೆ ಗ್ರೈಂಡ್ ಮಾಡಬೇಕು. ಮೂರಕ್ಕೂ ಬೇರೆ ಬೇರೆ ಕೋನ. ಮುಗಿಸಿದ ಮೇಲೆ ತುದಿ ತಗ್ಗಿರುತ್ತದೆ, ಎತ್ತರಿಸಲು ಕೆಳಗೆ ಪ್ಯಾಕಿಂಗ್ (ತೆಳು ತಗಡಿನ ತುಂಡು) ಹುಡುಕಬೇಕು. ಇಷ್ಟೆಲ್ಲ ಯಾರು ಮಾಡ್ತಾರೆ ಅಂತ ಹಳೇ ಮೊಂಡು ಟೂಲಲ್ಲೇ ಕೆಲಸ ಸಾಗುತ್ತದೆ. ಟ್ಯಾಂಜೆನ್ಶಿಯಲ್ ಹೋಲ್ಡರ್ ಈ ಸೋಮಾರಿತನಕ್ಕೆ ಸರಿಯಾದ ಮದ್ದು. ಇದರಲ್ಲಿ ಗ್ರೈಂಡ್ ಮಾಡುವುದು ಒಂದೇ ಮುಖ, ಸಾಣೆ ಹಿಡಿದಾಗಲೆಲ್ಲ ಪ್ಯಾಕಿಂಗ್ ಹುಡುಕುವ ತೊಂದರೆಯೂ ಇಲ್ಲ. ಹೊಸಬರಿಗೆ ಮೊದಲ ಹೋಲ್ಡರ್ ಆಗಿ ಕಾರ್ಬೈಡ್ ಟಿಪ್ಪಿನದಕ್ಕಿಂತ ಇದನ್ನೇ ಹೇಳುತ್ತೇನೆ.

ಬಿಟ್ ಹೇಗೆ ನಿಲ್ಲುತ್ತದೆ

ಸಾಮಾನ್ಯ ಟೂಲ್ ಬಿಟ್ ಟೂಲ್ ಪೋಸ್ಟ್‌ನಲ್ಲಿ ಮಲಗಿರುತ್ತದೆ. ಟ್ಯಾಂಜೆನ್ಶಿಯಲ್ ಹೋಲ್ಡರ್‌ನಲ್ಲಿ ಬಿಟ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ತಿರುಗುವ ಕೆಲಸದ ತುಂಡು ಟೂಲಿನ ತುದಿಯನ್ನು ಕೆಳಕ್ಕೆ ಒತ್ತುತ್ತದೆ ಅಲ್ವಾ? ಆ ಒತ್ತಡ ಇಲ್ಲಿ ಬಿಟ್‌ನ ಉದ್ದಕ್ಕೇ ಇಳಿಯುತ್ತದೆ. ಕೋಲನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿದರೆ ಜಗ್ಗುವುದಿಲ್ಲ, ಅಡ್ಡ ಹಿಡಿದು ತುದಿ ಒತ್ತಿದರೆ ಬಾಗುತ್ತದೆ. ಇಲ್ಲಿನ ಲೆಕ್ಕವೂ ಅದೇ.

ಇದು ಹೊಸ ಕಲ್ಪನೆಯೇನೂ ಅಲ್ಲ. ಕಾರ್ಖಾನೆಯ ಕ್ಯಾಪ್‌ಸ್ಟನ್ ಲೇತ್‌ಗಳಲ್ಲಿ ರೋಲರ್ ಬಾಕ್ಸ್ ಎಂಬ ಟೂಲ್ ಹೋಲ್ಡರ್‌ನಲ್ಲಿ ಬಿಟ್ ಹೀಗೆ ನಿಲ್ಲಿಸುವುದು ಹಳೆಯ ಪದ್ಧತಿ. ಮನೆಯಲ್ಲಿ ಚಿಕ್ಕ ಲೇತ್ ಇಟ್ಟುಕೊಂಡವರಲ್ಲಿ ಹೆಚ್ಚು ಹೆಸರು ಮಾಡಿದ್ದು ಆಸ್ಟ್ರೇಲಿಯಾದ ಎಕ್ಸೆಂಟ್ರಿಕ್ ಎಂಜಿನಿಯರಿಂಗ್‌ನವರ ಡೈಮಂಡ್ ಟೂಲ್ ಹೋಲ್ಡರ್. ಹೆಸರಲ್ಲಿ ಡೈಮಂಡ್ ಇದೆ ಅಂತ ವಜ್ರ ಹುಡುಕಬೇಡಿ. ಚೌಕ ಬಿಟ್‌ನ ಮೇಲ್ಮುಖವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಗ್ರೈಂಡ್ ಮಾಡಿದಾಗ ಅದು ಡೈಮಂಡ್ ಆಕಾರ ಪಡೆಯುತ್ತದೆ, ಅಷ್ಟೇ.

ಬಿಟ್ ಪೂರ್ತಿ ನೆಟ್ಟಗೆ ಇದ್ದರೆ ಅದರ ಪಕ್ಕಗಳು ಕೆಲಸದ ತುಂಡಿಗೆ ಉಜ್ಜುತ್ತವೆ. ಅದಕ್ಕೆ ಹೋಲ್ಡರ್‌ನ ಗಾಡಿ (ಬಿಟ್ ಕೂರುವ ತೋಡು) ಎರಡೂ ದಿಕ್ಕಿಗೆ ಸುಮಾರು 12 ಡಿಗ್ರಿ ವಾಲಿರುತ್ತದೆ. ಬಿಟ್‌ನ ತಲೆ ಕೆಲಸದ ಕಡೆಗೆ, ಬುಡ ಹಿಂದಕ್ಕೆ. ಮುಂದಿನ ಕ್ಲಿಯರೆನ್ಸ್ (ಉಜ್ಜದಂತೆ ಬಿಡುವ ಸಂದು), ಪಕ್ಕದ ಕ್ಲಿಯರೆನ್ಸ್ ಎರಡೂ ಇದರಿಂದಲೇ ಸಿಗುತ್ತವೆ. ನಾವು ಆ ಮುಖಗಳನ್ನು ಮುಟ್ಟುವುದೇ ಇಲ್ಲ. ಕಾರ್ಖಾನೆಯಲ್ಲಿ ನಯವಾಗಿ ಗ್ರೈಂಡ್ ಆಗಿ ಬಂದ ಬಿಟ್‌ನ ಪಕ್ಕಗಳೇ ಕ್ಲಿಯರೆನ್ಸ್ ಮುಖಗಳು.

ಎರಡು ಕಡೆಗೆ 12 ಡಿಗ್ರಿ ಅಂದರೆ ಕರ್ಣದ ದಿಕ್ಕಿನಲ್ಲಿ ಸುಮಾರು 17 ಡಿಗ್ರಿ ವಾಲಿದಂತೆ. ಮೇಲ್ಮುಖವನ್ನು ಬಿಟ್‌ನ ಉದ್ದಕ್ಕೆ ಲಂಬವಾಗಿ, ಅಂದರೆ ಸುಮ್ನೆ ಚಪ್ಪಟೆಯಾಗಿ ಕತ್ತರಿಸಿದರೆ ರೇಕ್ ಕೋನ (ಕಡಿಯುವ ಅಂಚಿನಿಂದ ಮೇಲ್ಮುಖ ಹಿಂದಕ್ಕೆ ಇಳಿಯುವ ಓರೆ) 17 ಡಿಗ್ರಿ ಋಣವಾಗುತ್ತದೆ. 30 ಡಿಗ್ರಿ ಓರೆ ಕೊಟ್ಟರೆ 17 ಅಲ್ಲೇ ಕಳೆದು ಉಳಿದ 13 ಡಿಗ್ರಿ ನಿಜವಾದ ರೇಕ್ ಆಗಿ ಸಿಗುತ್ತದೆ. ಉಕ್ಕಿಗೆ, ಅಲ್ಯೂಮಿನಿಯಂಗೆ ಇದು ಒಳ್ಳೆಯ ಕೋನ. ಈ ಲೆಕ್ಕ ನೆನಪಿರಲಿ, ಹಿತ್ತಾಳೆಯ ವಿಷಯ ಬಂದಾಗ ಬೇಕಾಗುತ್ತದೆ.

ಬಿಟ್ ಆರಿಸುವುದು

ಚಿಕ್ಕ ಲೇತ್‌ಗೆ 6 ಮಿ.ಮೀ. ಅಥವಾ ಕಾಲು ಇಂಚಿನ ಚೌಕ ಬಿಟ್ ಸಾಕು. ಸ್ವಲ್ಪ ದೊಡ್ಡ ಯಂತ್ರಕ್ಕೆ 8 ಮಿ.ಮೀ. ಹೋಲ್ಡರ್ ಯಾವ ಅಳತೆಗೆ ಮಾಡಿದ್ದೋ ಅದೇ ಅಳತೆಯದು ಹಾಕಿ. ಕಾಲು ಇಂಚು ಅಂದರೆ 6.35 ಮಿ.ಮೀ. ಅದರ ಗಾಡಿಗೆ 6 ಮಿ.ಮೀ. ಬಿಟ್ ಹಾಕಿದರೆ ಕ್ಲಾಂಪ್ ಹಿಡಿದಂತೆ ಕಂಡರೂ ಒಳಗೆ ಸರಿಯಾಗಿ ಕೂತಿರುವುದಿಲ್ಲ.

ಸಾಮಾನ್ಯ ಎಂ2 ದರ್ಜೆಯ ಹೈಸ್ಪೀಡ್ ಸ್ಟೀಲ್ ಎಲ್ಲದಕ್ಕೂ ನಡೆಯುತ್ತದೆ. ಸ್ಟೇನ್‌ಲೆಸ್‌ನಂಥ ಗಟ್ಟಿ ಲೋಹ ಜಾಸ್ತಿ ಕಡಿಯುವವರು ಕೋಬಾಲ್ಟ್ ಇರುವ ಎಂ35 ಅಥವಾ ಎಂ42 ತಗೊಳ್ಳಿ. ಮೊದಲನೆಯದರಲ್ಲಿ ಸುಮಾರು 5, ಎರಡನೆಯದರಲ್ಲಿ ಸುಮಾರು 8 ಶೇಕಡಾ ಕೋಬಾಲ್ಟ್ ಇರುತ್ತದೆ. ಬಿಸಿಯಲ್ಲೂ ಗಟ್ಟಿತನ ಬಿಡುವುದಿಲ್ಲ, ಆದರೆ ತುಸು ಪೆಡಸು, ತುದಿ ಚಕ್ಕೆ ಏಳುವ ಸಂಭವ ಹೆಚ್ಚು.

ಉದ್ದ ನೋಡಿಕೊಳ್ಳಿ. ಬಿಟ್ ನಿಂತಿರುವುದರಿಂದ ಅದರ ಬುಡ ಹೋಲ್ಡರ್‌ನ ಕೆಳಗೆ ಇಳಿಯುತ್ತದೆ. ಉದ್ದದ ಬಿಟ್ ಹಾಕಿದರೆ ಕ್ರಾಸ್ ಸ್ಲೈಡ್‌ಗೆ (ಟೂಲನ್ನು ಕೆಲಸದ ಕಡೆಗೆ ಹಿಂದೆ ಮುಂದೆ ಸರಿಸುವ ಭಾಗ) ತಾಗಬಹುದು. ತಾಗಿದರೆ ತೆಳು ಕಟ್-ಆಫ್ ಡಿಸ್ಕಿನಲ್ಲಿ ಎರಡು ತುಂಡು ಮಾಡಿ. ಹ್ಯಾಕ್ಸಾ ಬ್ಲೇಡು ಇದರ ಮೇಲೆ ಜಾರುತ್ತದೆಯೇ ಹೊರತು ಕೊಯ್ಯುವುದಿಲ್ಲ.

ಸಾಣೆ ಹಿಡಿಯುವುದು

ನಿಮ್ಮ ಗಮನ ಹೆಚ್ಚು ಬೇಕಾಗುವ ಭಾಗ ಇದು. ಬೇಕಾದದ್ದು ಒಂದು ಬೆಂಚ್ ಗ್ರೈಂಡರ್, ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, ಒಂದು ಜಿಗ್ (ಬಿಟ್ಟನ್ನು ಸರಿಯಾದ ಕೋನಕ್ಕೆ ಹಿಡಿಯುವ ಸಾಧನ). ಬೂದು ಚಕ್ರ ನಡೆಯುತ್ತದೆ, ಬಿಳಿ ಚಕ್ರ ಇನ್ನೂ ತಂಪಾಗಿ ಕಡಿಯುತ್ತದೆ. ಗ್ರಿಟ್ 60ರಿಂದ 100ರ ನಡುವೆ ಇರಲಿ. ಹಸಿರು ಚಕ್ರ ಕಾರ್ಬೈಡ್‌ಗೆ, ಇದಕ್ಕಲ್ಲ.

ಹೋಲ್ಡರ್ ಕೊಂಡರೆ ಜಿಗ್ ಜೊತೆಗೇ ಬರುವುದುಂಟು. ಇಲ್ಲದಿದ್ದರೆ ಗಟ್ಟಿ ಮರದ ಅಥವಾ ಅಲ್ಯೂಮಿನಿಯಂ ತುಂಡಿನಲ್ಲಿ ವಿ ಆಕಾರದ ಗಾಡಿ ಮಾಡಿಕೊಳ್ಳಿ. ಬಿಟ್ ಅದರಲ್ಲಿ ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ ಬರುವಂತೆ ಕೂರಬೇಕು. ಗ್ರೈಂಡರ್‌ನ ರೆಸ್ಟ್ ಮೇಲೆ ಜಿಗ್ ಇಟ್ಟಾಗ ಬಿಟ್‌ನ ತುದಿ 30 ಡಿಗ್ರಿ ಓರೆಯಲ್ಲಿ ಚಕ್ರಕ್ಕೆ ಮುಟ್ಟಬೇಕು. ಕೋನ ಒಂದೆರಡು ಡಿಗ್ರಿ ಆಚೀಚೆ ಆದರೆ ಏನೂ ಆಗುವುದಿಲ್ಲ. ಓರೆ ಮಾತ್ರ ಕರ್ಣದ ಮೇಲೇ ಇರಬೇಕು, ಒಂದು ಪಕ್ಕಕ್ಕೆ ಜಾರಬಾರದು. ಜಾರಿದರೆ ಒಂದು ಅಂಚಿಗೆ ರೇಕ್ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಟರ್ನಿಂಗ್ (ಉದ್ದಕ್ಕೆ ಕಡಿದು ವ್ಯಾಸ ಇಳಿಸುವುದು) ಚೆನ್ನಾಗಿ ಬಂದು ಫೇಸಿಂಗ್ (ತುದಿಯ ಮುಖ ಮಟ್ಟಸ ಮಾಡುವುದು) ಕೆಟ್ಟದಾಗಿ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಕಡಿಯುವ ಮೂಲೆ ಮೇಲಕ್ಕೆ ಬರುವಂತೆ ಬಿಟ್ ಇಡಿ. ಚಕ್ರ ಮೇಲಿಂದ ಕೆಳಕ್ಕೆ ತಿರುಗುತ್ತದೆ, ಹಾಗಾಗಿ ಅದು ಮೊದಲು ಅಂಚಿಗೆ ತಾಗಿ ಒಳಕ್ಕೆ ಸರಿಯುತ್ತದೆ. ಬರ್ (ಅಂಚಿನಲ್ಲಿ ಏಳುವ ಲೋಹದ ಸಿಬರು) ಕಡಿಮೆ ಏಳುತ್ತದೆ. ಬಿಟ್ಟನ್ನು ಗಟ್ಟಿಯಾಗಿ ಅದುಮದೆ ಚಕ್ರದ ಅಗಲಕ್ಕೆ ಆಚೆಯಿಂದ ಈಚೆಗೆ ಮೆಲ್ಲಗೆ ಆಡಿಸಿ. ಇಲ್ಲದಿದ್ದರೆ ಚಕ್ರದಲ್ಲಿ ಒಂದೇ ಕಡೆ ಗುಳಿ ಬೀಳುತ್ತದೆ.

ಬಿಸಿಯ ಬಗ್ಗೆ ಹಲವರಿಗೆ ಭಯ. ಸಾದಾ ಕಾರ್ಬನ್ ಉಕ್ಕಿನ ಉಳಿ ನೀಲಿ ತಿರುಗಿದರೆ ಹದ ಹೋದಂತೆ. ಹೈಸ್ಪೀಡ್ ಸ್ಟೀಲ್ ಹಾಗಲ್ಲ, ಬಣ್ಣ ತಿರುಗಿದರೂ ಕೆಡುವುದಿಲ್ಲ. ಆದರೆ ಕಾದು ಕೆಂಪಾದದ್ದನ್ನು ತಟ್ಟನೆ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು ಆಮೇಲೆ ಅಂಚು ಉದುರುತ್ತದೆ. ಬೆರಳಿಗೆ ಬಿಸಿ ತಟ್ಟಲು ಶುರುವಾದಾಗಲೇ ಅದ್ದುತ್ತ ಹೋದರೆ ಕೆಂಪಾಗುವ ಪ್ರಶ್ನೆಯೇ ಇಲ್ಲ.

ಎಷ್ಟು ತೆಗೆಯಬೇಕು? ಇಲ್ಲೊಂದು ಸೂಕ್ಷ್ಮ ಇದೆ. ಟೂಲ್ ಸವೆಯುವುದು ಮುಖ್ಯವಾಗಿ ಅಂಚಿನ ಕೆಳಗೆ, ಪಕ್ಕದ ಮುಖದಲ್ಲಿ. ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಕೆಳಗೆ ತೆಳ್ಳನೆಯ ಹೊಳೆಯುವ ಗೆರೆ ಕಾಣುತ್ತದೆ. ನಾವು ಮೇಲಿನಿಂದ ಗ್ರೈಂಡ್ ಮಾಡುತ್ತಿದ್ದೇವೆ. ಆ ಗೆರೆ ಪೂರ್ತಿ ಮಾಯವಾಗುವ ತನಕ ಇಳಿಯಬೇಕು. ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ಸಾಕು. ಅರ್ಧಕ್ಕೆ ನಿಲ್ಲಿಸಿದರೆ ಮೇಲ್ಮುಖ ಫಳಫಳ ಹೊಳೆಯುತ್ತದೆ, ಟೂಲ್ ಮಾತ್ರ ಮೊಂಡಾಗೇ ಇರುತ್ತದೆ. ಒಂದು ಬಿಟ್‌ನಲ್ಲಿ 35 ಮಿ.ಮೀ. ಬಳಸಲು ಸಿಕ್ಕಿದರೆ, ಸಲಕ್ಕೆ 0.3ರಂತೆ ನೂರಕ್ಕೂ ಹೆಚ್ಚು ಸಲ ಸಾಣೆ ಹಿಡಿಯಬಹುದು. ಜಿಪುಣತನ ಬೇಡ.

ಚಕ್ರದ ಸುತ್ತಿನಲ್ಲಿ ಗ್ರೈಂಡ್ ಮಾಡಿದ್ದರಿಂದ ಮುಖದ ನಡುವೆ ತುಸು ತಗ್ಗು ಇರುತ್ತದೆ. ಒಳ್ಳೆಯದೇ ಆಯಿತು. ಎಣ್ಣೆಕಲ್ಲನ್ನು ಮುಖದ ಮೇಲೆ ಚಪ್ಪಟೆ ಇಟ್ಟರೆ ಅದು ಅಂಚಿನ ಬಳಿ ಮತ್ತು ಹಿಂದಿನ ಮೂಲೆಗೆ ಮಾತ್ರ ತಾಗುತ್ತದೆ, ಕೋನ ತಾನಾಗಿ ಸಿಗುತ್ತದೆ. ನಾಲ್ಕಾರು ಸಲ ಉಜ್ಜಿ ಬರ್ ತೆಗೆಯಿರಿ.

ಕೊನೆಗೆ ಮೂಗು, ಅಂದರೆ ಕಡಿಯುವ ಮೂಲೆ. ಚೂಪು ಮೂಲೆ ಬಿಟ್ಟರೆ ಕೆಲಸದ ಮೇಲೆ ಥ್ರೆಡ್ಡಿನಂಥ ಗೆರೆ ಬೀಳುತ್ತದೆ, ಮೂಲೆಯೂ ಬೇಗ ಉದುರುತ್ತದೆ. ಕಡಿಯುವ ಮೂಲೆಯ ಗೆರೆಗುಂಟ, ಬಿಟ್‌ನ ಉದ್ದಕ್ಕೆ, ಕಲ್ಲನ್ನು ಉರುಳಿಸುತ್ತ ಎಳೆದು 0.3ರಿಂದ 0.5 ಮಿ.ಮೀ. ಗುಂಡಗೆ ಮಾಡಿ. ತುದಿಯಿಂದ ಐದಾರು ಮಿ.ಮೀ. ಕೆಳಗಿನವರೆಗೂ ಮಾಡಿಬಿಟ್ಟರೆ ಮುಂದಿನ ಹತ್ತಾರು ಸಾಣೆಗಳಿಗೆ ಮೂಗು ಸಿದ್ಧವಾಗಿಯೇ ಇರುತ್ತದೆ. ಬಿಟ್ಟೇ ವಾಲಿ ನಿಲ್ಲುವುದರಿಂದ ಗುಂಡಗಾದ ಭಾಗಕ್ಕೂ ಕ್ಲಿಯರೆನ್ಸ್ ತಾನಾಗಿ ಬರುತ್ತದೆ. ಈ ಹೋಲ್ಡರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇದೇ.

ಗ್ರೈಂಡರ್ ಮುಂದೆ ಕನ್ನಡಕ ಇಲ್ಲದೆ ನಿಲ್ಲಬೇಡಿ. ರೆಸ್ಟ್ ಮತ್ತು ಚಕ್ರದ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಬೇಡ, ಬಿಟ್ ಒಳಗೆ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಹಾಕುವಾಗ ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ತುದಿಯನ್ನು ಸೆಂಟರ್ ಎತ್ತರಕ್ಕೆ ತರುವುದು

ಸೆಂಟರ್ ಎತ್ತರ ಅಂದರೆ ಕೆಲಸದ ತುಂಡು ತಿರುಗುವ ನಡು ಅಕ್ಷದ ಎತ್ತರ. ಮೊದಲು ಹೋಲ್ಡರನ್ನು ಟೂಲ್ ಪೋಸ್ಟ್‌ನಲ್ಲಿ ಬಿಗಿದುಬಿಡಿ. ಅದರ ಎತ್ತರ ಕರಾರುವಾಕ್ಕಾಗಿ ಇರಬೇಕಿಲ್ಲ. ಎತ್ತರ ಹೊಂದಿಸುವುದು ಬಿಟ್ಟನ್ನು ಮೇಲೆ ಕೆಳಗೆ ಸರಿಸಿ. ಬಿಟ್‌ನ ತಲೆ ಹೋಲ್ಡರ್‌ನಿಂದ ಎಷ್ಟು ಹೊರಬರುತ್ತದೆ ಎನ್ನುವುದನ್ನು ಮಾತ್ರ ನೋಡಿ. ಬಿಟ್‌ನ ಅಗಲದಷ್ಟು, ಅಂದರೆ 6 ಮಿ.ಮೀ. ಬಿಟ್‌ಗೆ ಸುಮಾರು 6 ಮಿ.ಮೀ. ಬಂದರೆ ಒಳ್ಳೆಯದು. ಬಹಳ ಹೊರಬಂದರೆ ಗಟ್ಟಿತನ ಹೋಗುತ್ತದೆ, ಆಗ ಹೋಲ್ಡರ್ ಕೆಳಗೆ ಒಂದು ಪ್ಯಾಕಿಂಗ್ ಹಾಕಿ. ಬಹಳ ಒಳಗಿದ್ದರೆ ಚಿಪ್ ಹೋಗಲು ದಾರಿ ಇಲ್ಲದೆ ಹೋಲ್ಡರ್ ತಲೆಗೆ ಸುತ್ತಿಕೊಳ್ಳುತ್ತದೆ.

ಎತ್ತರಕ್ಕೆ ಒಂದು ಗೇಜ್ ಮಾಡಿಟ್ಟುಕೊಳ್ಳಿ. ಚಕ್‌ನಲ್ಲಿ (ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಭಾಗ) ನೇರವಾದ ಒಂದು ರಾಡ್ ಹಿಡಿಯಿರಿ. ಕ್ರಾಸ್ ಸ್ಲೈಡ್‌ನ ಮೇಲ್ಮೈಯಿಂದ ರಾಡ್‌ನ ನೆತ್ತಿಯವರೆಗೆ ಅಳೆಯಿರಿ. ಅದರಲ್ಲಿ ರಾಡ್‌ನ ವ್ಯಾಸದ ಅರ್ಧ ಕಳೆದರೆ ಸೆಂಟರ್ ಎತ್ತರ ಸಿಕ್ಕಿತು. ಅಷ್ಟು ಎತ್ತರದ ಅಲ್ಯೂಮಿನಿಯಂ ಕಂಬ ಟರ್ನ್ ಮಾಡಿ, ಮೇಲೆ ಹೊರಚಾಚಿದ ಒಂದು ಬಿಲ್ಲೆ ಕೂರಿಸಿ. ಬಿಲ್ಲೆಯ ಕೆಳಮುಖ ಸರಿಯಾಗಿ ಸೆಂಟರ್ ಎತ್ತರದಲ್ಲಿ ಇರಬೇಕು. ಮುಂದಿನದು ಸುಲಭ. ಬಿಟ್‌ನ ಕ್ಲಾಂಪ್ ಸ್ಕ್ರೂ ಸಡಿಲಿಸಿ, ಗೇಜನ್ನು ಪಕ್ಕದಲ್ಲಿಟ್ಟು, ಬಿಟ್ಟನ್ನು ಕೆಳಗಿನಿಂದ ಬೆರಳಲ್ಲಿ ತಳ್ಳಿ. ತುದಿ ಬಿಲ್ಲೆಗೆ ತಾಗಿದ ಕೂಡಲೇ ಸ್ಕ್ರೂ ಬಿಗಿಯಿರಿ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಅಂಚಿಗೆ ಪೆಟ್ಟಾಗುವುದಿಲ್ಲ.

ಗೇಜ್ ಇಲ್ಲದಿದ್ದರೆ ತೆಳು ಸ್ಟೀಲ್ ಸ್ಕೇಲಿನಲ್ಲೂ ನೋಡಬಹುದು. ಲೇತ್ ನಿಲ್ಲಿಸಿ, ದುಂಡನೆಯ ಕೆಲಸಕ್ಕೂ ಟೂಲಿನ ತುದಿಗೂ ನಡುವೆ ಸ್ಕೇಲನ್ನು ನಿಲ್ಲಿಸಿ, ಕ್ರಾಸ್ ಸ್ಲೈಡ್‌ನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ತಲೆ ಕೆಲಸದ ಕಡೆಗೆ ವಾಲಿದರೆ ಟೂಲ್ ಎತ್ತರದಲ್ಲಿದೆ. ನಿಮ್ಮ ಕಡೆಗೆ ವಾಲಿದರೆ ತಗ್ಗಿನಲ್ಲಿದೆ. ಕೊನೆಯ ತೀರ್ಪು ಮಾತ್ರ ಫೇಸಿಂಗ್‌ದೇ. ಸೆಂಟರ್‌ವರೆಗೂ ಒಂದು ತೆಳು ಕಟ್ ತೆಗೆಯಿರಿ. ನಡುವೆ ಸಣ್ಣ ಮೊಳೆಯಂಥದ್ದು ನೆಟ್ಟಗೆ ಉಳಿದರೆ ಟೂಲ್ ತಗ್ಗು, ಬಿಟ್ಟನ್ನು ಒಂದು ಕೂದಲೆಳೆ ಮೇಲೆತ್ತಿ. ಉಳಿದದ್ದು ಜಜ್ಜಿದ ಹಾಗೆ, ಉಜ್ಜಿದ ಹಾಗೆ ಇದ್ದರೆ ಟೂಲ್ ಎತ್ತರ.

ಈ ವಾಲಿದ ಗಾಡಿಗೆ ಒಂದು ವಿಶೇಷ ಇದೆ. ಬಿಟ್ ಮೇಲೆ ಸರಿದಂತೆ ತುದಿ ಮುಂದಕ್ಕೂ ಸರಿಯುತ್ತದೆ. 12 ಡಿಗ್ರಿ ವಾಲಿನಲ್ಲಿ 0.1 ಮಿ.ಮೀ. ಏರಿಸಿದರೆ ಕೆಲಸದ ಕಡೆಗೆ 0.02 ಮಿ.ಮೀ. ಹೋಗುತ್ತದೆ. ವ್ಯಾಸದ ಲೆಕ್ಕದಲ್ಲಿ 0.04. ಹಾಗಾಗಿ ಎತ್ತರ ಬದಲಿಸಿದ ಮೇಲೆ ಹಳೇ ಡಯಲ್ ಓದನ್ನು ನಂಬಬೇಡಿ. ಇದರ ಇನ್ನೊಂದು ಮಗ್ಗುಲು ನಮಗೆ ಲಾಭ. ಸಾಣೆ ಹಿಡಿದ ಬಿಟ್ಟನ್ನು ಸರಿಯಾಗಿ ಮೊದಲಿದ್ದ ಎತ್ತರಕ್ಕೇ ತಂದರೆ, ಮೂಗೂ ಮೊದಲಿನಂತೆಯೇ ಇದ್ದರೆ, ತುದಿ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಗಾಡಿ ಬದಲಾಗಿಲ್ಲವಲ್ಲ. ಒಳ್ಳೆಯ ಗೇಜ್ ಇದ್ದರೆ ಕೆಲಸದ ನಡುವೆ ಬಿಟ್ ತೆಗೆದು, ಹರಿತ ಮಾಡಿ, ಮರಳಿ ಹಾಕಿ ಮುಂದುವರಿಸಬಹುದು. ಆದರೂ ಅಂತಿಮ ಅಳತೆಗೆ ಮುಂಚೆ ಒಂದು ತೆಳು ಕಟ್ ತೆಗೆದು ಮೈಕ್ರೋಮೀಟರ್ ಹಿಡಿಯುವುದು ಜಾಣತನ.

ಹೋಲ್ಡರ್ ತಿರುಗಿಸಿ ನಿಲ್ಲಿಸುವುದು

ಬಿಟ್ ಚೌಕ, ಮೂಲೆ 90 ಡಿಗ್ರಿ. ಆದರೆ ವಾಲಿಸಿ, ಮೇಲೆ ಓರೆ ಗ್ರೈಂಡ್ ಮಾಡಿದ ಮೇಲೆ ನೇರ ಮೇಲಿನಿಂದ ನೋಡಿದರೆ ಮೂಲೆ ಸುಮಾರು 83 ಡಿಗ್ರಿ ಕಾಣುತ್ತದೆ. ಉಳಿದ 7 ಡಿಗ್ರಿಯನ್ನು ಎರಡೂ ಕಡೆಗೆ ಹಂಚಿಬಿಟ್ಟರೆ ಒಂದೇ ನಿಲುವಿನಲ್ಲಿ ಟರ್ನಿಂಗ್ ಮತ್ತು ಫೇಸಿಂಗ್ ಎರಡೂ ಆಗುತ್ತವೆ. ಟೂಲ್ ಪೋಸ್ಟ್ ತಿರುಗಿಸಿ, ಎಡದ ಅಂಚಿಗೂ ಚಕ್‌ನ ಮುಖಕ್ಕೂ, ಮುಂದಿನ ಅಂಚಿಗೂ ಕೆಲಸದ ಮೈಗೂ ಮೂರು ಮೂರೂವರೆ ಡಿಗ್ರಿ ಸಂದು ಬರುವಂತೆ ನಿಲ್ಲಿಸಿ. ಕಣ್ಣಂದಾಜು ಸಾಕು. ಯಾವ ಕಡೆಯೂ ಅಂಚು ಪೂರ್ತಿ ಕೆಲಸಕ್ಕೆ ಒರಗಬಾರದು, ಒರಗಿದರೆ ನಡುಕ ಖಚಿತ.

ಹೆಡ್‌ಸ್ಟಾಕ್ ಕಡೆಗೆ (ಎಡಕ್ಕೆ, ಚಕ್ ಇರುವ ಕಡೆಗೆ) ಟರ್ನ್ ಮಾಡುತ್ತ ಹೋಗುವಾಗ ಎಡದ ಅಂಚು ಕಡಿಯುತ್ತದೆ. ಮೆಟ್ಟಿಲಿನ ಬುಡ ಮುಟ್ಟಿದ ಕೂಡಲೇ ಸ್ಯಾಡಲ್ (ಟೂಲನ್ನು ಉದ್ದಕ್ಕೆ ಒಯ್ಯುವ ಭಾಗ) ನಿಲ್ಲಿಸಿ, ಕ್ರಾಸ್ ಸ್ಲೈಡನ್ನು ನಿಮ್ಮ ಕಡೆಗೆ ಎಳೆಯಿರಿ. ಮೆಟ್ಟಿಲು ನೇರ 90 ಡಿಗ್ರಿಗೆ ಬರುತ್ತದೆ. ಹೊರಗಿನಿಂದ ಸೆಂಟರ್ ಕಡೆಗೆ ಫೇಸಿಂಗ್ ಮಾಡುವಾಗ ಕಡಿಯುವ ಕೆಲಸ ಮುಂದಿನ ಅಂಚಿನದು. ಟೂಲ್ ಬದಲಿಸದೆ, ಪೋಸ್ಟ್ ತಿರುಗಿಸದೆ ಎರಡೂ ಕೆಲಸ ಮುಗಿಯುತ್ತದೆ.

ಸ್ವಿಚ್ ಒತ್ತುವ ಮುಂಚೆ ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಹೋಲ್ಡರ್‌ನ ತಲೆ ದಪ್ಪ. ಚಕ್‌ನ ದವಡೆಗೆ ತೀರಾ ಹತ್ತಿರ ಕಡಿಯಬೇಕಾದಾಗ ತುದಿಗಿಂತ ಮೊದಲು ತಲೆಯೇ ತಾಗಬಹುದು. ಟೇಲ್‌ಸ್ಟಾಕ್‌ನ ಸೆಂಟರ್ ಬಳಿಯೂ ಅಷ್ಟೇ.

ಕಡಿಯುವುದು

ಇದು ಹೈಸ್ಪೀಡ್ ಸ್ಟೀಲ್, ಕಾರ್ಬೈಡ್‌ನ ವೇಗ ಬೇಡ. ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 25ರಿಂದ 30 ಮೀಟರ್, ಬೀಡು ಕಬ್ಬಿಣಕ್ಕೆ 15ರಿಂದ 20, ಸ್ಟೇನ್‌ಲೆಸ್‌ಗೆ 12ರಿಂದ 18, ಅಲ್ಯೂಮಿನಿಯಂಗೆ 60ರಿಂದ 100. ಆರ್‌ಪಿಎಂ ಬೇಕಿದ್ದರೆ ಈ ಸಂಖ್ಯೆಯನ್ನು 320ರಿಂದ ಗುಣಿಸಿ, ಮಿ.ಮೀ.ನಲ್ಲಿರುವ ವ್ಯಾಸದಿಂದ ಭಾಗಿಸಿ. 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡ್‌ಗೆ 25 ಮೀಟರ್ ವೇಗ ಅಂದರೆ 320 ಆರ್‌ಪಿಎಂ. ಅಷ್ಟೇ ದಪ್ಪದ ಅಲ್ಯೂಮಿನಿಯಂಗೆ 75 ಮೀಟರ್ ಇಟ್ಟರೆ 960.

ಆಳ ಎಷ್ಟು ಕೊಡಬಹುದು ಎನ್ನುವುದು ನಿಮ್ಮ ಯಂತ್ರಕ್ಕೆ ಬಿಟ್ಟದ್ದು. ಮೇಜಿನ ಮೇಲೆ ಕೂರುವ ಪುಟ್ಟ ಲೇತ್‌ನಲ್ಲಿ ಉಕ್ಕಿಗೆ ಅರ್ಧ ಮಿ.ಮೀ.ನಿಂದ ಶುರು ಮಾಡಿ, ಮೋಟರ್‌ನ ಸದ್ದು ಕೇಳುತ್ತ ಏರಿಸಿ. ರಫ್ ಕಟ್‌ಗೆ ಪ್ರತಿ ಸುತ್ತಿಗೂ 0.1 ಮಿ.ಮೀ. ಫೀಡ್ (ಟೂಲ್ ಮುಂದೆ ಸರಿಯುವ ದೂರ), ಫಿನಿಶ್‌ಗೆ 0.05. ಫೀಡ್ ಅರ್ಧ ಮಾಡಿದರೆ ಮೇಲ್ಮೈಯ ಗೆರೆಗಳ ಎತ್ತರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಲೆಕ್ಕದ ಪ್ರಕಾರ 0.4 ಮಿ.ಮೀ. ಮೂಗಿನಲ್ಲಿ 0.1 ಫೀಡ್‌ಗೆ ಸುಮಾರು 3 ಮೈಕ್ರಾನ್, 0.05ಕ್ಕೆ 0.8. ಕೈಯಲ್ಲಿ ಫೀಡ್ ಮಾಡುವವರು ಒಂದೇ ಸಮನೆ ತಿರುಗಿಸಿ, ನಡುವೆ ನಿಂತರೆ ಅಲ್ಲೊಂದು ಉಂಗುರ ಬೀಳುತ್ತದೆ. ಉಕ್ಕಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬ್ರಷ್‌ನಲ್ಲಿ ಸವರಿ. ಬೀಡು ಕಬ್ಬಿಣ ಒಣಗಿದ್ದೇ ಚೆನ್ನ.

ಹರಿತವಾದ ಟೂಲ್‌ನಿಂದ ಉಕ್ಕಿನ ಚಿಪ್ ಉದ್ದದ ರಿಬ್ಬನ್ ಆಗಿ ಬರುತ್ತದೆ. ನೋಡಲು ಚಂದ, ಆದರೆ ಅದು ಬ್ಲೇಡು. ಕೈ ಹಾಕಬೇಡಿ. ಕೈಗವಸು ಹಾಕಿ ಎಳೆಯುವುದಂತೂ ಇನ್ನೂ ಅಪಾಯ, ಗವಸಿನ ಜೊತೆ ಕೈಯನ್ನೂ ಸುತ್ತಿಕೊಳ್ಳುತ್ತದೆ. ಫೀಡ್ ಒಂದು ಕ್ಷಣ ನಿಲ್ಲಿಸಿದರೆ ರಿಬ್ಬನ್ ತುಂಡಾಗುತ್ತದೆ. ಲೇತ್ ನಿಂತ ಮೇಲೆ ಕೊಕ್ಕೆಯಿಂದ ತೆಗೆಯಿರಿ.

ಹಿತ್ತಾಳೆಗೆ ಬೇರೆ ಬಿಟ್

ಉಕ್ಕಿಗೆ ಹೊಂದುವ ಆ 13 ಡಿಗ್ರಿ ರೇಕ್ ಹಿತ್ತಾಳೆಯಲ್ಲಿ ತೊಂದರೆ ಕೊಡುತ್ತದೆ. ಟೂಲ್ ಕಡಿಯುವ ಬದಲು ತನ್ನನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕ್ರಾಸ್ ಸ್ಲೈಡ್‌ನ ಸ್ಕ್ರೂ ಸಡಿಲವಿದ್ದರೆ ಇದು ಇನ್ನೂ ಜೋರು. ಪರಿಹಾರ ಸುಲಭ, ಹಿತ್ತಾಳೆಗೆ ಒಂದು ಬಿಟ್ ಬೇರೆ ಇಡಿ. ಅದರ ಮೇಲ್ಮುಖವನ್ನು 30ರ ಬದಲು 17ರಿಂದ 20 ಡಿಗ್ರಿಗೆ ಗ್ರೈಂಡ್ ಮಾಡಿ. ವಾಲಿನ 17 ಕಳೆದರೆ ರೇಕ್ ಸೊನ್ನೆಯ ಹತ್ತಿರ ಬಂತು. ಹೀಗೆ ಮಾಡಿದಾಗ ಮೂಲೆ ಮೇಲಿನಿಂದ 87 ಡಿಗ್ರಿ ಹತ್ತಿರ ಬರುತ್ತದೆ. ಎರಡೂ ಕಡೆ ಉಳಿಯುವ ಸಂದು ಒಂದೊಂದೂವರೆ ಡಿಗ್ರಿ ಮಾತ್ರ, ಹೋಲ್ಡರ್ ನಿಲ್ಲಿಸುವಾಗ ಹೆಚ್ಚು ಎಚ್ಚರ ಬೇಕು. ಬಿಟ್‌ನ ಬುಡಕ್ಕೆ ಬಣ್ಣ ಬಳಿದಿಟ್ಟರೆ ಅದಲು ಬದಲಾಗುವುದಿಲ್ಲ.

ಬಿಟ್ ಬೇರೆ ಇಲ್ಲದೆ ಆ ಹೊತ್ತಿನ ಕೆಲಸ ಆಗಬೇಕಿದ್ದರೆ, ಅಂಚಿನ ಮೇಲೆ ಎಣ್ಣೆಕಲ್ಲನ್ನು ಮಟ್ಟಸವಾಗಿ ಹಿಡಿದು ಕೂದಲಷ್ಟು ಅಗಲದ ಚಪ್ಪಟೆ ಪಟ್ಟಿ ಮಾಡಿ. ಅದೂ ಎಳೆತವನ್ನು ತಡೆಯುತ್ತದೆ. ಮುಂದಿನ ಸಾಣೆಯಲ್ಲಿ ಪಟ್ಟಿ ಮಾಯ.

ಸರಿಬರದಿದ್ದರೆ ನೋಡುವುದು ಇಲ್ಲಿ

ಕಡಿಯುವಾಗ ಕೀರಲು ಸದ್ದು ಬಂದರೆ ವೇಗ ಇಳಿಸಿ, ಫೀಡ್ ತುಸು ಏರಿಸಿ. ಬಹಳ ಜನ ಹೆದರಿ ಫೀಡ್ ಇಳಿಸುತ್ತಾರೆ, ಆಗ ಟೂಲ್ ಕಡಿಯದೆ ಉಜ್ಜುತ್ತ ಕೂರುತ್ತದೆ. ಮೂಗು ತೀರಾ ಗುಂಡಗಾಗಿದ್ದರೂ ಇದೇ ಸದ್ದು. ಉಕ್ಕಿನ ಮೇಲ್ಮೈ ಹರಿದಂತೆ, ಚಿಂದಿಯಂತೆ ಬಂದರೆ ಟೂಲ್ ಮೊಂಡಾಗಿರಬಹುದು, ಇಲ್ಲವೇ ಲೋಹವೇ ಮೆತ್ತನೆಯ, ಅಂಟುವ ಜಾತಿಯದು. ತುದಿಯ ಮೇಲೆ ಲೋಹದ ಚೂರು ಅಂಟಿಕೊಂಡಿದೆಯಾ ನೋಡಿ. ಇದ್ದರೆ ಒರೆಸಿ, ಎಣ್ಣೆ ಜಾಸ್ತಿ ಮಾಡಿ.

ಕಟ್ ನಡುವೆ ಅಳತೆ ಬದಲಾಗುತ್ತ ಹೋದರೆ ಬಿಟ್ ಜಾರುತ್ತಿದೆ ಅಂತ ಅರ್ಥ. ಒತ್ತಡ ಕೆಳಮುಖವಾಗಿ ಬೀಳುವುದರಿಂದ ಕ್ಲಾಂಪ್ ಸಡಿಲ ಇದ್ದರೆ ಬಿಟ್ ಇಳಿಯುತ್ತದೆ. ಇಳಿದಂತೆ ತುದಿ ಹಿಂದೆ ಸರಿದು ವ್ಯಾಸ ದಪ್ಪವಾಗುತ್ತದೆ. ಗಾಡಿಯಲ್ಲಿ ಎಣ್ಣೆ, ಗ್ರೈಂಡಿಂಗ್ ಧೂಳು ಕೂತಿರುವುದು ಸಾಮಾನ್ಯ ಕಾರಣ. ಪ್ರತಿ ಸಲ ಬಿಟ್ ಹಾಕುವ ಮುಂಚೆ ಬಟ್ಟೆಯಲ್ಲಿ ಒರೆಸಿ. ಸ್ಕ್ರೂಗೆ ಉದ್ದದ ಪೈಪ್ ಹಾಕಿ ಬಿಗಿಯುವುದು ಬೇಡ, ಅಲೆನ್ ಕೀ ಕೈಬಲಕ್ಕೆ ಹಿಡಿದಷ್ಟು ಸಾಕು.

ಯಾವುದಕ್ಕೆ ಆಗದು

ಪಾರ್ಟಿಂಗ್ (ತುಂಡನ್ನು ಕತ್ತರಿಸಿ ಬೇರ್ಪಡಿಸುವುದು) ಇದರಲ್ಲಿ ಆಗುವುದಿಲ್ಲ, ಆಳದ ಗ್ರೂವ್ ಕೂಡ. ತೂತಿನ ಒಳಗೆ ಬೋರಿಂಗ್‌ಗೆ ತಲೆ ಹೋಗುವುದೇ ಇಲ್ಲ. ಥ್ರೆಡ್ ಕಡಿಯಲು ಬಿಟ್‌ನ ಪಕ್ಕಗಳನ್ನೂ 60 ಡಿಗ್ರಿಗೆ ಗ್ರೈಂಡ್ ಮಾಡಬೇಕಾಗುತ್ತದೆ, ಅಲ್ಲಿಗೆ ಒಂದೇ ಮುಖ ಎನ್ನುವ ಸುಖ ಹೋಯಿತು. ಥ್ರೆಡ್‌ಗೆ ಸಾದಾ ಟೂಲೇ ವಾಸಿ. ಗಟ್ಟಿ ಮಾಡಿದ ಉಕ್ಕು, ಮರಳು ಅಂಟಿದ ಎರಕದ ಹೊರಪದರ ಇವಕ್ಕೆ ಕಾರ್ಬೈಡ್ ಹಿಡಿಯಿರಿ. ಬಿಟ್ಟು ಬಿಟ್ಟು ತಾಗುವ ಕಟ್ ಮಾತ್ರ, ಉದಾಹರಣೆಗೆ ಷಡ್ಭುಜ ರಾಡನ್ನು ದುಂಡು ಮಾಡುವುದು, ಇದರಲ್ಲಿ ನಿರಾಳವಾಗಿ ಆಗುತ್ತದೆ. ಕಾರ್ಬೈಡ್ ಟಿಪ್ ಅಂಥಲ್ಲಿ ಚಕ್ಕೆ ಏಳುವುದೇ ಹೆಚ್ಚು.

ಸವೆದು ಸವೆದು ಬಿಟ್ ಗಿಡ್ಡವಾಗಿ, ಕ್ಲಾಂಪ್ ಅದನ್ನು ಪೂರ್ತಿ ಉದ್ದಕ್ಕೆ ಹಿಡಿಯದ ಹಂತ ಬಂದಾಗ ಬದಲಿಸಿ. ಉಳಿದ ಮೋಟು ತುಂಡನ್ನು ಎಸೆಯಬೇಡಿ. ಬೋರಿಂಗ್ ಬಾರ್‌ಗೆ ಅಡ್ಡ ತೂತು ಹಾಕಿ ಸ್ಕ್ರೂ ಕೊಟ್ಟರೆ ಅದರೊಳಗೆ ಕೂರಿಸಲು ಅದೇ ಅಳತೆ ಸರಿಹೋಗುತ್ತದೆ.